ದೊಡ್ಡಯ್ಯ ಹೇಳದ ಸುಳ್ಳು

ಒಂದು ಮಾತು ಸಾಕಿತ್ತು. "ಹೌದು, ಇವನ ಜೊತೆ ಕೂತಿದ್ದೇನೆ" ಎಂದು ದೊಡ್ಡಯ್ಯ ಅಂದಿದ್ದರೆ ಆ ಶನಿವಾರ ಸಂಜೆ ಎಲ್ಲರೂ ನಗುನಗುತ್ತ ಮನೆಗೆ ಹೋಗುತ್ತಿದ್ದರು. ಲಾಡ್ಜು ಉಳಿಯುತ್ತಿತ್ತು, ಸ್ನೇಹ ಉಳಿಯುತ್ತಿತ್ತು, ಹೆಂಡತಿಯ ಕೈಯ ಕಾಫಿಗೂ ಸಂಚಕಾರ ಬರುತ್ತಿರಲಿಲ್ಲ. ಇಷ್ಟೆಲ್ಲ ಒಂದೇ ಮಾತಿಗೆ ಸಿಗುತ್ತಿದ್ದಾಗ ಬೇಡವೆಂದ ಈ ಮನುಷ್ಯನನ್ನು ಕೆಲವರು ಸತ್ಯವಂತ ಎನ್ನುತ್ತಾರೆ, ಕೆಲವರು ಶತಮೂರ್ಖ ಎನ್ನುತ್ತಾರೆ. ಅವನನ್ನೇ ಕೇಳಿದರೆ ಎರಡಕ್ಕೂ ತಲೆಯಾಡಿಸುತ್ತಾನೆ.

ಹೊಸದುರ್ಗದ ಕಡೆಯ ದೊಡ್ಡಯ್ಯ ವಿಶಾಖಪಟ್ಟಣ ಸೇರಿದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ, ಬಂದರಿನ ಗುತ್ತಿಗೆದಾರನೊಬ್ಬನ ಬೆನ್ನು ಹತ್ತಿ. ಕೆಲಸ ಸಿಕ್ಕಿದ್ದು ಲಾರಿಗಳನ್ನು ತೂಗುವ ವೇ-ಬ್ರಿಡ್ಜಿನಲ್ಲಿ. ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದ. ಬಂದರಿನ ಕ್ಯಾಂಟೀನಿನವರ ಮಗಳು ಗಂಗಾಭವಾನಿಯನ್ನು ಸಿಂಹಾಚಲದ ನರಸಿಂಹ, ಅಪ್ಪನ್ನ ಸ್ವಾಮಿಯ ಸನ್ನಿಧಿಯಲ್ಲಿ ಮದುವೆಯಾದ. ಊರಂಚಿನ ಪೆಂಡುರ್ತಿಯಲ್ಲಿ ಮನೆ ಕಟ್ಟಿಸಿದ. ಮಕ್ಕಳಾಗಲಿಲ್ಲ. ತೆಲುಗು ಕಲಿತ, ಎಷ್ಟು ಕಲಿತನೆಂದರೆ ಬೈಯುವಾಗಲೂ ತೆಲುಗೇ ಮೊದಲು ಬರುತ್ತಿತ್ತು. ಕನ್ನಡ ಆಡುವವರು ಯಾರೂ ಇಲ್ಲದೆ ಆ ಭಾಷೆ ಅವನೊಳಗೆ ಎಲ್ಲೋ ಮೂಲೆ ಹಿಡಿದು ಕೂತಿತ್ತು.

ಲಾಡ್ಜಿಗೆ ಅವನನ್ನು ಸೇರಿಸಿದವನು ಬಂದರಿನ ಒಬ್ಬ ಎಂಜಿನಿಯರ್. ಲಾಡ್ಜ್ ಎಂದರೆ ರೂಮು ಕೊಡುವ ಲಾಡ್ಜಲ್ಲ. ಸೂಟ್‌ಕೇಸು ಹಿಡಿದ ಹೊಸ ದಂಪತಿಗಳನ್ನು ಆಟೋದವರು ಆಗಾಗ ಅದರ ಮುಂದೆ ತಂದು ಇಳಿಸುತ್ತಿದ್ದದ್ದು ನಿಜ. ಅವರನ್ನು ವಾಪಸ್ಸು ಕಳಿಸುವುದೂ ದೊಡ್ಡಯ್ಯನ ಕೆಲಸಗಳಲ್ಲೊಂದಾಗಿತ್ತು. ಇದು ಬ್ರಿಟಿಷರ ಕಾಲದಿಂದ ನಡೆದುಬಂದ ಒಂದು ಬಂಧುತ್ವದ ಸಂಘ. ಬೇರೆ ಬೇರೆ ಜಾತಿ, ಬೇರೆ ಬೇರೆ ಕಸುಬಿನ ಗಂಡಸರು ಅಣ್ಣತಮ್ಮಂದಿರೆಂದು ಆಣೆ ಮಾಡಿ, ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಸೇರುತ್ತಾರೆ. ಸಾಹೇಬ, ಗುಮಾಸ್ತ ಎಂಬ ಭೇದವೆಲ್ಲ ಬಾಗಿಲ ಹೊರಗೆ. ಒಳಗೆ ಎಲ್ಲರೂ ಬ್ರದರ್. ಲಾರಿ ತೂಗುವವನನ್ನು ಒಬ್ಬ ಎಂಜಿನಿಯರ್ ಬ್ರದರ್ ಎಂದು ಕರೆದ ಮೊದಲ ಸಂಜೆ ದೊಡ್ಡಯ್ಯ ಮನೆಗೆ ಬಂದು ಹೆಂಡತಿಯೆದುರು ಅತ್ತಿದ್ದ. ಗಂಗಾಭವಾನಿ ಅವನು ಕುಡಿದು ಬಂದಿದ್ದಾನೆಂದುಕೊಂಡಿದ್ದಳು.

ಹಳೇ ಊರಿನಲ್ಲಿ, ಸಮುದ್ರದ ಗಾಳಿಗೆ ಗೋಡೆಯ ಸುಣ್ಣ ಉದುರುವ ಆ ಕಟ್ಟಡದ ಮಹಡಿಯಲ್ಲಿ, ಮುಚ್ಚಿದ ಬಾಗಿಲ ಹೊರಗೆ ಒಂದು ಕುರ್ಚಿ. ಆ ಕುರ್ಚಿ ದೊಡ್ಡಯ್ಯನದು. ಕೈಯಲ್ಲಿ ಒಂದು ಕತ್ತಿ. ಉಪ್ಪು ಗಾಳಿಗೆ ತುಕ್ಕು ಹಿಡಿಯದಂತೆ ಅದಕ್ಕೆ ತೆಂಗಿನೆಣ್ಣೆ ಒರೆಸುತ್ತಿದ್ದವನೂ ಅವನೇ. ಒಳಗೆ ಸಭೆ ನಡೆಯುವಾಗ ಅನ್ಯರು ಯಾರೂ ನುಗ್ಗದಂತೆ ನೋಡಿಕೊಳ್ಳುವ ಕಾವಲುಗಾರ ಅವನು. ಆ ಕತ್ತಿಯಿಂದ ಇವತ್ತಿನವರೆಗೆ ಒಂದು ಸೌತೆಕಾಯಿಯನ್ನೂ ಕೊಯ್ದವನಲ್ಲ, ಆದರೆ ಅದನ್ನು ಹಿಡಿದು ಕೂತಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಕಾವಲಿನವನಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬೇರೆ ಊರಿನ ಬ್ರದರ್ ಯಾರಾದರೂ ಬಂದರೆ, ಅವನ ಜೊತೆ ಹಿಂದೆ ಯಾವುದಾದರೂ ಲಾಡ್ಜಿನ ಸಭೆಯಲ್ಲಿ ಕೂತಿದ್ದೇನೆಂದು ಇಲ್ಲಿಯ ಒಬ್ಬನಾದರೂ ಆಣೆಯ ಮೇಲೆ ಹೇಳಬೇಕು. ಹಿಂದೆ ಗುಪ್ತ ಮಾತುಗಳನ್ನು ಕೇಳಿ ಪರೀಕ್ಷೆ ಮಾಡುತ್ತಿದ್ದರು. ಈಗ ಆ ಗುಪ್ತಗಳೆಲ್ಲ ಮೊಬೈಲಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ: ಜೊತೆಗೆ ಕೂತಿದ್ದೀರಾ? ಫೋಟೋ ನೋಡಿದ್ದೇನೆ, ಫೋನಿನಲ್ಲಿ ಮಾತಾಡಿದ್ದೇನೆ ಎಂಬುದಕ್ಕೆಲ್ಲ ಬೆಲೆಯಿಲ್ಲ.

ಇನ್ನೊಂದು ನಿಯಮವೂ ಇತ್ತು. ಲಾಡ್ಜಿನ ವಿಷಯವನ್ನು ಫೋನಿನಲ್ಲಿ ಆಡಬಾರದು. ಆಮೇಲೆ ಆದ ಅನಾಹುತಕ್ಕೆಲ್ಲ ಈ ಎರಡನೆಯದೇ ಕಾರಣ.

ಕೊರೊನಾದ ಎರಡನೇ ಅಲೆಯಲ್ಲಿ ಗಂಗಾಭವಾನಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ. ದೊಡ್ಡಯ್ಯ ಲಾಡ್ಜಿನ ವಾಟ್ಸಾಪ್ ಗ್ರೂಪಿನಲ್ಲಿ ಸಹಾಯ ಕೇಳಿದ. ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಯಾರೂ ಎತ್ತದ ಫೋನ್ ನಂಬರುಗಳು ಬಂದವು. ಅಣ್ಣತಮ್ಮಂದಿರಲ್ಲಿ ಅರ್ಧ ಜನ ತಾವೇ ಹಾಸಿಗೆ ಹಿಡಿದಿದ್ದರು, ಉಳಿದರ್ಧ ಬಾಗಿಲು ತೆಗೆಯಲು ಹೆದರಿದ್ದರು, ಅವರನ್ನು ದೂರುವಂತಿರಲಿಲ್ಲ. ಕಡೆಗೆ ಆಂಧ್ರದ ಕನ್ನಡಿಗರ ಇನ್ನೊಂದು ಗ್ರೂಪಿನಲ್ಲಿ ಅಳುಮೋರೆಯಿಂದ ಅದೇ ಸಂದೇಶ ಹಾಕಿದ. ತಕ್ಷಣ ಫೋನು ಬಂತು.

"ಅಣ್ಣಾರ, ನಾನು ಬೆಜವಾಡದಿಂದ ಕೃಷ್ಣಚೈತನ್ಯ. ಗವರ್ನರ್‌ಪೇಟೆಯಾಗ ನಮ್ದು ಸರ್ಜಿಕಲ್ ಸಾಮಾನಿನ ಅಂಗಡಿ ಐತಿ. ನೀವು ಅಳಬ್ಯಾಡ್ರಿ. ಮಷೀನ್ ಕಳಿಸ್ತೀನಿ."

ಮರುದಿನ ಬೆಜವಾಡದಿಂದ, ಅಂದರೆ ವಿಜಯವಾಡದಿಂದ, ಹೊರಟ ಮೆಣಸಿನಕಾಯಿ ಲಾರಿಯೊಂದರ ಡ್ರೈವರ್ ಪಕ್ಕದ ಸೀಟಿನಲ್ಲಿ, ಮಗುವನ್ನು ಕೂರಿಸಿದ ಹಾಗೆ ಬೆಲ್ಟು ಕಟ್ಟಿಸಿಕೊಂಡು, ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರ ಪೆಂಡುರ್ತಿಗೆ ಬಂತು. ಗಂಗಾಭವಾನಿ ಬದುಕಿದಳು. ಕೃತಜ್ಞತೆ ಹೇಳಲು ಫೋನು ಮಾಡಿದಾಗ ಮಾತಿನ ನಡುವೆ ದೊಡ್ಡಯ್ಯ ಲಾಡ್ಜ್ ಎಂದ. ಆ ಕಡೆಯಿಂದ ಕೃಷ್ಣಚೈತನ್ಯ ಉಬ್ಬಿಹೋದ. "ಅಣ್ಣಾರ, ನಾನೂ ಬ್ರದರ್ ಅದೀನ್ರೀ!"

ಅಂದಿನಿಂದ ನಾಲ್ಕು ವರ್ಷ, ಬೆಳಗಿನ ಕಾಫಿಯ ಹೊತ್ತಿಗೆ ವಿಡಿಯೋ ಕಾಲ್ ತಪ್ಪಲಿಲ್ಲ. ಕೃಷ್ಣಚೈತನ್ಯನ ತಂದೆ ತೆಲುಗರು, ತಾಯಿ ಬಳ್ಳಾರಿಯವರು. ತಾಯಿ ಸತ್ತ ಮೇಲೆ ಅವನಿಗೂ ಕನ್ನಡ ಆಡಲು ಯಾರೂ ಉಳಿದಿರಲಿಲ್ಲ. ಹೊಸದುರ್ಗದ ಕನ್ನಡವೂ ಬಳ್ಳಾರಿಯ ಕನ್ನಡವೂ ದಿನಾ ಬೆಳಿಗ್ಗೆ ಫೋನಿನಲ್ಲಿ ಒಂದನ್ನೊಂದು ಗೇಲಿ ಮಾಡಿಕೊಂಡು ಬದುಕಿದವು. ನೀನು ಯಾವ ಲಾಡ್ಜು ಎಂದು ದೊಡ್ಡಯ್ಯ ಕೇಳಲಿಲ್ಲ, ಫೋನಿನಲ್ಲಿ ಕೇಳಬಾರದೆಂಬ ನಿಯಮ. ಅವನೂ ಹೇಳಲಿಲ್ಲ, ಫೋನಿನಲ್ಲಿ ಹೇಳಬಾರದೆಂಬ ಅದೇ ನಿಯಮ. ಇಬ್ಬರೂ ಮರ್ಯಾದಸ್ಥರಾಗಿ ಬಾಯಿ ಮುಚ್ಚಿಕೊಂಡು, ಬ್ರದರ್ ಬ್ರದರ್ ಎಂದು ಕರೆದುಕೊಂಡು ನಾಲ್ಕು ವರ್ಷ ಕಳೆದರು.

ಇತ್ತ ಲಾಡ್ಜು ಸೊರಗುತ್ತಿತ್ತು. ಹಳಬರು ಒಬ್ಬೊಬ್ಬರಾಗಿ ತೀರಿಕೊಂಡರು. ಇದ್ದವರು ಬರುವುದನ್ನು ಬಿಟ್ಟರು. ಟ್ರಾಫಿಕ್ಕು, ಮಂಡಿನೋವು, ಮೊಮ್ಮಗಳ ಡ್ಯಾನ್ಸ್ ಕ್ಲಾಸು ಎಂದು ಕಾರಣಗಳು ಗ್ರೂಪಿನಲ್ಲಿ ಬಂದು ಬೀಳುತ್ತಿದ್ದವು. ಸಭೆಯನ್ನು ವಿಡಿಯೋದಲ್ಲೇ ಮಾಡಬಾರದೇಕೆ ಎಂಬ ಸಲಹೆಗಳೂ ಬರುತ್ತಿದ್ದವು. ಏಳು ಜನ ಸೇರದೆ ಸಭೆ ಆರಂಭಿಸುವಂತಿಲ್ಲ. ಮೂರು ತಿಂಗಳು ಸತತವಾಗಿ ಸೇರದಿದ್ದರೆ ಲಾಡ್ಜಿನ ಸನದನ್ನು, ಅಂದರೆ ಅನುಮತಿ ಪತ್ರವನ್ನು, ಮೇಲಿನವರಿಗೆ ಒಪ್ಪಿಸಬೇಕು. ಸನದು ಹೋದರೆ ಲಾಡ್ಜು ಸತ್ತ ಹಾಗೆ. ಆ ಶನಿವಾರ ಮೂರನೆಯ ತಿಂಗಳು.

ದೊಡ್ಡಯ್ಯ ಮಧ್ಯಾಹ್ನವೇ ಹೋಗಿ ಕುರ್ಚಿಗಳ ದೂಳು ಹೊಡೆದ. ಒಬ್ಬೊಬ್ಬರಿಗೂ ಫೋನು ಮಾಡಿ ಗೋಗರೆದಿದ್ದ. ಸಂಜೆಗೆ ಐದು ಜನ ಬಂದರು, ಅವನೂ ಸೇರಿ ಆರು. ಇನ್ನೊಬ್ಬ ಬರುವೆನೆಂದವನು ಗೋಪಾಲಪಟ್ಟಣದ ಸಿಗ್ನಲ್ಲಿನಿಂದ ಹಿಂದಿರುಗಿದನೆಂದು ಗ್ರೂಪಿನಲ್ಲಿ ತಿಳಿಯಿತು. ಆ ವರ್ಷದ ಅಧ್ಯಕ್ಷ ಜಗನ್ಮೋಹನ್, ನಿವೃತ್ತ ದಂತವೈದ್ಯ, ಒಳಗೆ ಹೊರಗೆ ಓಡಾಡುತ್ತ ಹಲ್ಲು ಕಡಿಯುತ್ತಿದ್ದ. ದೊಡ್ಡಯ್ಯ ಕತ್ತಿ ಹಿಡಿದು ಮೆಟ್ಟಿಲ ಕಡೆಗೇ ನೋಡುತ್ತಿದ್ದ. ಅವನ ಆಯುಷ್ಯದ ಅರ್ಧಭಾಗ ಆ ಬಾಗಿಲ ಮುಂದೆ ಕಳೆದಿತ್ತು.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಕಪ್ಪು ಸೂಟು, ಬೆವರು ಸುರಿಯುವ ಮುಖ, ಹೆಗಲಲ್ಲಿ ಬ್ಯಾಗು.

"ಅಣ್ಣಾರ! ಹೇಳ್ದೇ ಬಂದೀನ್ರೀ, ಅತ್ತಿಗಿಗೆ ಫೋನ್ ಮಾಡಿ ವಿಳಾಸ ಕೇಳ್ಕೊಂಡು, ರತ್ನಾಚಲ್ ರೈಲು ಹಿಡ್ದು!"

ಕೃಷ್ಣಚೈತನ್ಯ ಬಂದವನೇ ತಬ್ಬಿಕೊಂಡ. ದೊಡ್ಡಯ್ಯನ ಕೈಯಲ್ಲಿದ್ದ ಕತ್ತಿ ಇಬ್ಬರ ನಡುವೆ ಸಿಕ್ಕಿ ಒದ್ದಾಡಿತು.

"ಫೋನಿನಾಗ ದಪ್ಪ ಕಾಣ್ತಿದ್ರಿ ನೀವು."

"ನೀನು ಫೋನಲ್ಲಿ ಎತ್ತರ ಇದ್ದೆ ಕಣಪ್ಪ," ಎಂದು ದೊಡ್ಡಯ್ಯ ನಕ್ಕ. ನಗುವಾಗ ಕಣ್ಣಲ್ಲಿ ನೀರು ಬಂತು. ಹೆಂಡತಿಯನ್ನು ಉಳಿಸಿಕೊಟ್ಟವನನ್ನು ಮೊದಲ ಸಲ ಮುಟ್ಟುತ್ತಿದ್ದ.

ಸದ್ದು ಕೇಳಿ ಜಗನ್ಮೋಹನ್ ಹೊರಗೆ ಇಣುಕಿದ. ಇವನೇ ವಿಜಯವಾಡದ ಬ್ರದರ್ ಎಂದು ತಿಳಿದದ್ದೇ ಅವನ ಮುಖ ಅರಳಿತು. ಬೇರೆ ಊರಿನವನಾದರೂ ಏಳರ ಲೆಕ್ಕಕ್ಕೆ ಬರುತ್ತಾನೆ.

"ದೇವರೇ ಕಳಿಸಿದ ಹಾಗೆ ಬಂದಿರಂಡಿ! ದೊಡ್ಡಯ್ಯ ಗಾರೂ, ಬೇಗ ಕರೆತನ್ನಿ. ನಾನು ಎಲ್ಲರನ್ನೂ ಕೂರಿಸುತ್ತೇನೆ," ಎಂದು ತೆಲುಗಿನಲ್ಲಿ ಹೇಳಿ ಒಳಗೆ ಓಡಿದ.

ಕೃಷ್ಣಚೈತನ್ಯ ಬ್ಯಾಗಿನಿಂದ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದ. ಸಭೆಯಲ್ಲಿ ಎಲ್ಲರೂ ಕಟ್ಟುವಂಥದ್ದೇ, ಬಿಳಿಯದು. ಆದರೆ ಇವನದರ ಸುತ್ತ ಮದುಮಗನ ಪೇಟಕ್ಕಿದ್ದಂತೆ ಚಿನ್ನದ ಜರಿ, ಗೊಂಡೆ. ಅಂಥದ್ದನ್ನು ದೊಡ್ಡಯ್ಯ ಯಾವ ಲಾಡ್ಜಿನಲ್ಲೂ ನೋಡಿರಲಿಲ್ಲ.

"ಚೆನ್ನಾಗೈತಪ್ಪ. ಎಲ್ಲಿ ಕೊಟ್ರು?"

"ಆನ್‌ಲೈನಿನಾಗ ತರಿಸೀನಿ. ಹೆಂಗದ?"

ದೊಡ್ಡಯ್ಯ ಯೋಚಿಸಿ ಒಂದು ಪ್ರಶ್ನೆ ಕೇಳಿದ. ಗುಪ್ತ ಮಾತುಗಳನ್ನು ಕೇಳಲಿಲ್ಲ. ಲಾಡ್ಜಿಗೆ ಹೊಸದಾಗಿ ಸೇರುವವನ ಕಣ್ಣಿಗೆ ಬಟ್ಟೆ ಕಟ್ಟಿ, ಒಬ್ಬ ಬ್ರದರ್ ಕೈ ಹಿಡಿದು ಒಳಗೆ ನಡೆಸುತ್ತಾನೆ. ಕಣ್ಣು ಕಾಣದೆ, ಯಾರು ಎಲ್ಲಿದ್ದಾರೆ ತಿಳಿಯದೆ ನಡುಗುವ ಹೊತ್ತಿನಲ್ಲಿ ಹಿಡಿದ ಆ ಕೈಯನ್ನು ಯಾರೂ ಸಾಯುವ ತನಕ ಮರೆಯುವುದಿಲ್ಲ.

"ನೀನು ಸೇರಿದ ದಿನ ನಿನ್ನ ಕೈ ಹಿಡಿದು ನಡೆಸಿದೋರು ಯಾರಪ್ಪ?"

ಕೃಷ್ಣಚೈತನ್ಯ ನಾಚಿ ನಕ್ಕ. "ನಮ್ಮ ಲಕ್ಷ್ಮೀನೇರೀ."

"ಯಾವ ಲಕ್ಷ್ಮಿ?"

"ನನ್ನ ಹೆಂಡ್ತಿ, ಲಕ್ಷ್ಮೀಪ್ರಸನ್ನ. ಲಾಕ್‌ಡೌನ್ ಅಲ್ರೀ ಆಗ! ಎಲ್ಲಾ ಜೂಮಿನಾಗ ಆತು. ಫಾರಿನ್ ಗ್ರ್ಯಾಂಡ್ ಮಾಸ್ಟರ್ ಒಬ್ರು ಹೇಳ್ತಾ ಹೋದ್ರು. ಕಣ್ಣಿಗೆ ನಾನೇ ಟವೆಲ್ ಕಟ್ಕೊಂಡೆ. ಇಕಿ ಒಂದು ಕೈಯಾಗ ಫೋನ್ ಹಿಡ್ದು, ಇನ್ನೊಂದು ಕೈಲೆ ನನ್ನ ಹಿಡ್ದು ಮಂಚದ ಸುತ್ತ ಸುತ್ತಿಸಿದ್ಲು. ಮೊಣಕಾಲಿಗೆ ಮಂಚ ಬಡಿದಿದ್ದು ಇನ್ನೂ ನೋಯ್ತದ ನೋಡ್ರಿ." ಅವನು ನಗುವುದನ್ನು ನಿಲ್ಲಿಸಿ ಮೆತ್ತಗೆ ಹೇಳಿದ, "ನಮ್ಮಮ್ಮ ಸತ್ತು ಸ್ವಲ್ಪ ದಿನ ಆಗಿತ್ತು ಅಣ್ಣಾರ. ನನಗ ಯಾರೂ ಇಲ್ಲ ಅನಿಸಿತ್ತು. ಅವತ್ತು ಟವೆಲ್ ಬಿಚ್ಚಿದಾಗ ಸ್ಕ್ರೀನಿನಾಗ ಅಷ್ಟೂ ಮಂದಿ ನನ್ನ ನೋಡಿ ಕೈ ಬೀಸಿದ್ರು. ಬ್ರದರ್ ಅಂದ್ರು. ಅದಕ್ಕ ನೀವು ಗ್ರೂಪಿನಾಗ ಹೆಂಡ್ತಿ ಉಸಿರು ಹೋಗ್ತೈತಿ ಅಂದಾಗ ಸುಮ್ನ ಕೂಡಾಕ ಆಗ್ಲಿಲ್ಲ."

ದೊಡ್ಡಯ್ಯನಿಗೆ ಎಲ್ಲ ತಿಳಿದುಹೋಯಿತು. ಯಾರೋ ವಂಚಕರು ಲಾಕ್‌ಡೌನಿನಲ್ಲಿ ಒಂಟಿ ಜನರಿಗೆ ಬಲೆ ಬೀಸಿದ್ದರು, ಇವನು ಬಿದ್ದಿದ್ದ. ಬಿದ್ದದ್ದೂ ತಿಳಿಯದೆ, ಆ ಸುಳ್ಳು ಆಣೆಯನ್ನು ನಿಜವೆಂದು ನಂಬಿ, ಕಂಡರಿಯದ ಒಬ್ಬ ಹೆಂಗಸಿನ ಜೀವ ಉಳಿಸಿದ್ದ. ನಿಜವಾದ ಆಣೆ ಮಾಡಿದವರು ಕೈಮುಗಿದ ಚಿತ್ರ ಕಳಿಸಿದ್ದರು.

ಬಾಗಿಲು ಮತ್ತೆ ತೆರೆಯಿತು. ಜಗನ್ಮೋಹನ್ ಈಗ ಅಧ್ಯಕ್ಷನ ಪದಕ ಹಾಕಿಕೊಂಡಿದ್ದ. ಅವನ ಹಿಂದೆ ನಾಲ್ವರು ಕುರ್ಚಿಯಿಂದ ಕತ್ತು ಚಾಚಿ ನೋಡುತ್ತಿದ್ದರು.

"ಬ್ರದರ್ ದೊಡ್ಡಯ್ಯ, ನಿಮ್ಮ ಆಣೆಯ ಮೇಲೆ ಹೇಳಿ. ಇವರ ಜೊತೆ ಕೂತಿದ್ದೀರಾ?"

ಕೇಳಿದ ದನಿಯಲ್ಲೇ ಉತ್ತರವೂ ಇತ್ತು. ಹೂಂ ಅನ್ನಿ, ಮುಗಿಸೋಣ ಎಂಬ ಅವಸರ. ಸತ್ಯ ಗೊತ್ತಿದ್ದವನು ಅಲ್ಲಿ ದೊಡ್ಡಯ್ಯನೊಬ್ಬನೇ. ಹೂಂ ಎಂದರೆ ಯಾರಿಗೂ ನಷ್ಟವಿಲ್ಲ. ಲಾಡ್ಜು ಬದುಕುತ್ತದೆ. ಕೃಷ್ಣಚೈತನ್ಯ ಈ ಬಾಗಿಲು ದಾಟಿ ಹೋಗಿ ಕೂರುತ್ತಾನೆ, ಕೂತ ಮೇಲೆ ಅವನ ಜೊತೆ ಕೂತಿದ್ದೆವೆಂದು ಮುಂದೆ ಎಲ್ಲರೂ ಆಣೆ ಮಾಡಬಹುದು. ದೊಡ್ಡಯ್ಯ ಬಾಯಿ ತೆರೆದ. ಹೂಂ ಎಂಬುದು ನಾಲಿಗೆಯ ತುದಿಯವರೆಗೆ ಬಂತು.

"ಇಲ್ಲ," ಎಂದ.

"ಏನಂದಿರಿ?"

"ಇಲ್ಲ. ಕೂತಿಲ್ಲ."

"ನಾಲ್ಕು ವರ್ಷದಿಂದ ಸಿಕ್ಕಾಗಲೆಲ್ಲ ಇವರ ಪುರಾಣ ಹೇಳುತ್ತೀರಿ!"

"ಹೇಳ್ತೀನಿ. ಕೂತಿಲ್ಲ."

ಜಗನ್ಮೋಹನನ ಮುಖ ಕಪ್ಪಿಟ್ಟಿತು. "ಯೋಚಿಸಿ ಮಾತಾಡಿ. ಇದರ ಅರ್ಥ ಏನು ಗೊತ್ತಲ್ಲ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ದೊಡ್ಡಯ್ಯ ಕತ್ತಿ ಹಿಡಿದು ನೆಲ ನೋಡುತ್ತ ನಿಂತ. ಬಾಗಿಲು ದಢಾರನೆ ಮುಚ್ಚಿತು.

"ಅಣ್ಣಾರ, ಏನ್ರೀ ಇದು?" ಕೃಷ್ಣಚೈತನ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನು ಯಾರಂತ ನಿಮಗ ಗೊತ್ತಿಲ್ಲೇನು?"

"ಗೊತ್ತು ಕಣಪ್ಪ. ಆದ್ರೆ ನಿಂಗೆ ಯಾರೋ ಟೋಪಿ ಹಾಕಿದಾರೆ. ಆ ಜೂಮಿನೋರು ಯಾರೂ ಲಾಡ್ಜಿನೋರಲ್ಲ. ಜೂಮಿನಲ್ಲಿ ಯಾರನ್ನೂ ಸೇರಿಸೋಲ್ಲ, ಎಲ್ಲೂ ಸೇರಿಸೋಲ್ಲ."

ಕೃಷ್ಣಚೈತನ್ಯ ಏಪ್ರನ್ನಿನ ಗಂಟು ಬಿಚ್ಚಲು ಹೋದ. ಎಳೆದಷ್ಟೂ ಗಂಟು ಬಿಗಿಯಿತು. ಸಹಾಯ ಮಾಡಲು ದೊಡ್ಡಯ್ಯ ಕೈ ಮುಂದೆ ಮಾಡಿದಾಗ ಹಿಂದೆ ಸರಿದ. ಬಲವಾಗಿ ಎಳೆದು, ಹರಿದು, ಬ್ಯಾಗಿಗೆ ತುರುಕಿಕೊಂಡು ಮೆಟ್ಟಿಲಿಳಿದ. ದೊಡ್ಡಯ್ಯ ಬೆನ್ನು ಹತ್ತಿ ಓಡಬಹುದಿತ್ತು. ಓಡಲಿಲ್ಲ.

ಮನೆಯಲ್ಲಿ ವಿಷಯ ಕೇಳಿದ ಗಂಗಾಭವಾನಿ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಬಿಸಾಡಿದಳು.

"ಏಮಂಡಿ, ನಾನು ಇವತ್ತು ಉಸಿರಾಡ್ತಿರೋದು ಯಾರಿಂದ? ಆ ಹುಡುಗನನ್ನ ಮೆಟ್ಟಿಲಿಂದ ವಾಪಸ್ ಕಳಿಸಿದಿರಾ? ಒಂದು ಸುಳ್ಳಿಗೆ ನಿಮ್ಮ ಬಾಯಿ ಸವೆದುಹೋಗ್ತಿತ್ತಾ?"

"ಆಣೆ ಕಣೇ."

"ಅಪ್ಪನ್ನ ಸ್ವಾಮಿ ನಿಮ್ಮ ಆಣೆ ನೋಡ್ತಾನಾ, ನನ್ನ ಉಸಿರು ನೋಡ್ತಾನಾ?"

ದೊಡ್ಡಯ್ಯ ಬಗ್ಗಿ ಸೌಟನ್ನು ಎತ್ತಿಟ್ಟ. ತಾನು ಮಾಡಿದ್ದು ಧರ್ಮವೋ, ಬರೀ ಹಟವೋ, ಇಷ್ಟು ವರ್ಷ ಬಾಗಿಲು ಕಾದ ಚಾಳಿಯೋ, ಅವನಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಬೆಳಗಿನ ಕಾಫಿಯ ಹೊತ್ತಿಗೆ ಫೋನು ಬಡಿದುಕೊಳ್ಳುವುದಿಲ್ಲ ಎಂಬುದು. ಇವನು ಮಾಡಿದರೆ ಕೃಷ್ಣಚೈತನ್ಯ ಕತ್ತರಿಸಿಬಿಡುತ್ತಿದ್ದ. ಕನ್ನಡ ಮತ್ತೆ ಬಾಯೊಳಗೇ ಉಳಿಯಿತು. ಲಾಡ್ಜಿನ ಸನದು ಮೇಲಿನವರಿಗೆ ಹೋಯಿತು. ತಿಂಗಳಿಗೊಂದು ಸಂಜೆ ಬರಲಾಗದಿದ್ದ ಮಹನೀಯರೆಲ್ಲ ಗ್ರೂಪಿನಲ್ಲಿ ಕಣ್ಣೀರಿನ ಚಿತ್ರ ಹಾಕಿ, ಹಳೆಯ ಫೋಟೋ ಹಾಕಿ, ಎಂಥ ಬಂಧುತ್ವ ನಮ್ಮದಾಗಿತ್ತು ಎಂದು ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡರು. ದೊಡ್ಡಯ್ಯನಿಗೆ ಮೈಯೆಲ್ಲ ಉರಿದು ಗ್ರೂಪಿನಿಂದ ಹೊರಬಂದ. ಯಾರೂ ಯಾಕೆಂದು ಕೇಳಲಿಲ್ಲ.

ಕಡೆಗೆ ಗಂಗಾಭವಾನಿಯೇ ಅವನ ಬ್ಯಾಗು ತುಂಬಿಸಿದಳು. "ಹೋಗಿ. ಕಾಲು ಹಿಡಿಯಿರಿ, ಏನಾದರೂ ಮಾಡಿ. ಅವನು ಮಾತಾಡದೆ ನೀವು ಈ ಮನೆಗೆ ಬರಬೇಡಿ."

ಬೆಳಗಿನ ಜನ್ಮಭೂಮಿ ಎಕ್ಸ್‌ಪ್ರೆಸ್ಸಿನಲ್ಲಿ ಕೂತವನು ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದ. ಗೋದಾವರಿ ದಾಟುವಾಗ ಎಲ್ಲ ಸರಿಯಾಗಿತ್ತು. ವಿಜಯವಾಡದಲ್ಲಿ ಇಳಿದಾಗ ಒಂದಕ್ಷರ ನೆನಪಿರಲಿಲ್ಲ. ಗವರ್ನರ್‌ಪೇಟೆಯ ಗದ್ದಲದಲ್ಲಿ, ಆಟೋ, ತಳ್ಳುಗಾಡಿಗಳ ನಡುವೆ ವಿಚಾರಿಸಿಕೊಂಡು ಅಂಗಡಿ ಹುಡುಕಿದ. ಕೈಗವಸಿನ ಪೆಟ್ಟಿಗೆಗಳ ರಾಶಿಯ ಹಿಂದೆ ಕೃಷ್ಣಚೈತನ್ಯ ಕೂತಿದ್ದ. ಗಡ್ಡ ಬಿಟ್ಟಿದ್ದ. ತಲೆಯೆತ್ತಿ ನೋಡಿದ, ಮುಖದಲ್ಲಿ ಏನೂ ಕದಲಲಿಲ್ಲ.

"ಎವರಂಡಿ ಮೀರು?" ಎಂದ. ಯಾರು ನೀವು?

ದೊಡ್ಡಯ್ಯನ ಕಪಾಳಕ್ಕೆ ಬಾರಿಸಿದಂತಾಯಿತು. ನಾಲ್ಕು ವರ್ಷದಲ್ಲಿ ಅವನು ಇವನ ಜೊತೆ ತೆಲುಗು ಆಡಿದ್ದು ಇದೇ ಮೊದಲು.

"ದೊ… ದೊಡ್ಡಯ್ಯ ಕಣಪ್ಪ."

ಕೃಷ್ಣಚೈತನ್ಯ ಅಂಗಡಿಯ ಕೆಲಸದ ಹುಡುಗ ಅಶೋಕನ ಕಡೆ ತಿರುಗಿ ತೆಲುಗಿನಲ್ಲೇ ಮುಂದುವರಿಸಿದ. "ಇವರು ಯಾರೋ ನನಗೆ ತಿಳಿಯದು. ಇವರ ಜೊತೆ ನಾನು ಯಾವತ್ತೂ ಕೂತಿಲ್ಲ."

ಅಶೋಕ ಗಲಿಬಿಲಿಯಿಂದ ಇಬ್ಬರನ್ನೂ ನೋಡಿ, ಗೋಡೌನಿನ ಕಡೆ ಜಾಗ ಖಾಲಿ ಮಾಡಿದ. ದೊಡ್ಡಯ್ಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಕೂತ. ಗಿರಾಕಿಗಳು ಬಂದರು, ಹೋದರು. ಕೃಷ್ಣಚೈತನ್ಯ ಬೇಕೆಂದೇ ಜೋರಾಗಿ ಮಾತಾಡಿದ, ಬೇಕೆಂದೇ ನಕ್ಕ. ಇವನ ಕಡೆ ನೋಡಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೋಪ ತಡೆಯಲಾರದೆ ಅವನಿಗೆ ಕನ್ನಡವೇ ಬಂತು.

"ಯಾಕ ಬಂದೀರಿ? ನಿಮ್ಮ ಲಾಡ್ಜಿನ ಮಂದಿ ನಗಾಕ ಹತ್ಯಾರೇನು, ಬೆಜವಾಡದ ಹುಚ್ಚ ಮಂಚ ಸುತ್ತಿದ್ದ ಅಂತ?"

"ನಾನು ಯಾರಿಗೂ ಹೇಳಿಲ್ಲ. ಲಾಡ್ಜು ಎಲ್ಲೈತೆ ನಗೋಕೆ? ಮುಚ್ಚಿಹೋಯ್ತು."

"ಅಂದ್ರ?"

"ಏಳು ಜನ ಬೇಕಿತ್ತು ಅವತ್ತು. ಆರೇ ಜನ ಇದ್ದಿದ್ದು."

ಕೃಷ್ಣಚೈತನ್ಯ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. ಲೆಕ್ಕ ಅವನ ತಲೆಯಲ್ಲಿ ಕೂಡುವುದು ದೊಡ್ಡಯ್ಯನಿಗೆ ಕಾಣುತ್ತಿತ್ತು.

"ನನ್ನ ಒಳಗ ಬಿಟ್ಟಿದ್ರ?"

"ಉಳೀತಿತ್ತು."

"ಅದು ಗೊತ್ತಿದ್ದೂ ಇಲ್ಲ ಅಂದ್ರೇನು?"

"ಹೂಂ."

"ಯಾಕ್ರೀ?"

ರೈಲಿನಲ್ಲಿ ಅಭ್ಯಾಸ ಮಾಡಿದ ದೊಡ್ಡ ಮಾತು ಯಾವುದೂ ಬರಲಿಲ್ಲ. "ನಿನ್ನ ವಿಷಯದಲ್ಲಿ ಸುಳ್ಳು ಹೇಳೋಕೆ ನಂಗಾಗಲಿಲ್ಲ ಕಣಪ್ಪ," ಎಂದ ದೊಡ್ಡಯ್ಯ. "ಬೇರೆ ಯಾರಾಗಿದ್ರೂ ಹೇಳಿಬಿಡ್ತಿದ್ನೇನೋ."

ಕೃಷ್ಣಚೈತನ್ಯ ಕ್ಷಮಿಸಿದೆನೆಂದು ಹೇಳಲಿಲ್ಲ. ಅಂಗಡಿಯ ಶಟರನ್ನು ಅರ್ಧ ಎಳೆದು, ಚಪ್ಪಲಿ ಮೆಟ್ಟಿ, "ಉಂಡು ಹೋಗ್ರಿ. ಹಸ್ಕೊಂಡು ಹೋದ್ರ ನಮ್ಮಮ್ಮ ಮೇಲಿಂದ ಬೈತಾಳ," ಎಂದ.

ಮನೆ ಹಿಂದಿನ ಗಲ್ಲಿಯಲ್ಲೇ. ಬಾಗಿಲು ತೆರೆದ ಲಕ್ಷ್ಮೀಪ್ರಸನ್ನ ಫೋನಿನಲ್ಲಿ ನೋಡಿದ ಮುಖವನ್ನು ಗುರುತಿಸಿ, ಗಂಡನ ಅಣ್ಣನನ್ನು ತೆಲುಗಿನವರು ಕರೆಯುವಂತೆ, "ಬಾವಗಾರೂ!" ಎಂದು ಸಂಭ್ರಮಪಟ್ಟಳು. ಒಳಗೆ ಓಡಿಹೋಗಿ ನೀರು ತಂದಳು. ತಟ್ಟೆ ಹಾಕಿ, ಗೋಂಗೂರ ಚಟ್ನಿ ಬಡಿಸಿ, ತುಪ್ಪ ಸುರಿದು, ಎದುರಿಗೆ ಕೂತಳು. ಅತ್ತೆಯಿಂದ ಕಲಿತ ಹರಕುಮುರುಕು ಕನ್ನಡವನ್ನು ಜೋಡಿಸಿಕೊಂಡು ಕೇಳಿದಳು.

"ಬಾವಗಾರೂ, ಅವತ್ತು ಇವರಿಗೆ ಬಾಗಿಲು ನೀವೇ ತೆಗೆದ್ರಂತೆ ಕದಾ? ಇವರು ಒಳಗೆ ಹೋಗ್ತಾನೇ ಎಲ್ಲಾರೂ ಎದ್ದು ನಿಂತ್ರಂತೆ?"

ದೊಡ್ಡಯ್ಯನ ಕೈ ತಟ್ಟೆಯಲ್ಲೇ ನಿಂತಿತು. ಕೃಷ್ಣಚೈತನ್ಯನ ಕಡೆ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಕಣ್ಣು ಅಂಗಲಾಚುತ್ತಿತ್ತು.

"ಇವರು ಎಲ್ಲಾ ಹೇಳಿದ್ರು," ಎಂದಳು ಅವಳು. ಈಗ ಅವಳ ದನಿಯಲ್ಲಿ ಸಂಭ್ರಮವಿರಲಿಲ್ಲ. "ಆದ್ರೆ ಬಂದಾಗಿಂದ ಅನ್ನ ಸೇರ್ತಿಲ್ಲ. ರಾತ್ರಿ ಎದ್ದು ಕೂರ್ತಾರೆ. ನಿಮಗೆ ಫೋನ್ ಮಾಡೋದೂ ಬಿಟ್ರು. ನಂಗೆ ಭಯ ಆಗ್ತದೆ ಬಾವಗಾರೂ. ಅಲ್ಲೇನಾದ್ರೂ ಆಯ್ತಾ? ನೀವು ಸುಳ್ಳು ಹೇಳೋರಲ್ಲ ಅಂತ ಇವರೇ ದಿನಾ ಹೇಳ್ತಿದ್ರು. ನಿಜ ಹೇಳಿ. ನೀವೇ ತೆಗೆದ್ರಾ?"

ಲಾಡ್ಜಿಗಾಗಿ ಬಾಯಿಂದ ಹೊರಡದ ಮಾತು ಈಗ ತಡೆಯಿಲ್ಲದೆ ಬಂತು.

"ಹೂಂ ಕಣಮ್ಮ," ಎಂದ ದೊಡ್ಡಯ್ಯ, ಅವಳ ಕಣ್ಣನ್ನೇ ನೋಡುತ್ತ. "ನಾನೇ ತೆಗೆದೆ. ಎಲ್ಲಾರೂ ಎದ್ದು ನಿಂತ್ರು. ಏನೂ ಆಗಿಲ್ಲ."

"ಸುಳ್ಳು," ಎಂದ ಕೃಷ್ಣಚೈತನ್ಯ.

ಅವನು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಸುಳ್ಳು ಹೇಳ್ತಾರ ಲಕ್ಷ್ಮೀ, ನನ್ನ ಸಲುವಾಗಿ. ನನ್ನ ಒಳಗ ಬಿಡ್ಲಿಲ್ಲ. ನಾನು ಬ್ರದರ್ ಅಲ್ಲ, ಯಾವತ್ತೂ ಆಗಿದ್ದಿಲ್ಲ. ಆ ಜೂಮಿನವ್ರು ಕಳ್ಳರು. ನೀನು ನನ್ನ ಸುಮ್ನ ಸುತ್ತಿಸಿದಿ." ಅವನ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಅಣ್ಣಾರು ಬಾಗಿಲಿನಾಗ ನಿಂತು ಇಲ್ಲ ಅಂದ್ರು. ಅವ್ರು ಇಲ್ಲ ಅಂದಿದ್ದೇ ಖರೇ. ಇವತ್ತು ಹೂಂ ಅಂದಿದ್ದು ಖರೇ ಅಲ್ಲ. ನಾಳೆ ಯಾರಾದ್ರೂ ಅವರನ್ನ ಸುಳ್ಳ ಅಂದ್ರ ನನ್ನಿಂದ ಆತು ಅಂತಾಗಬಾರದು."

ಲಕ್ಷ್ಮೀಪ್ರಸನ್ನ ಗಂಡನನ್ನು ನೋಡಿದಳು. ಅವನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ದೊಡ್ಡಯ್ಯನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು ಅವಳಿಗೆ.

"ಅವತ್ತು ಅಷ್ಟು ಮಂದಿ ಮುಂದೆ ಇಲ್ಲ ಅಂದೋರು, ನನ್ನ ಮುಂದೆ ಯಾಕೆ ಹೂಂ ಅಂದ್ರಿ?"

ದೊಡ್ಡಯ್ಯ ಜೀವಮಾನವಿಡೀ ಬೇರೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದವನು. ಈಗ ತಲೆ ತಗ್ಗಿಸಿ ಅನ್ನ ಕಲಸತೊಡಗಿದ. ಕಣ್ಣು ತುಂಬಿ ತಟ್ಟೆ ಮಂಜಾಯಿತು. ಇಷ್ಟು ಪ್ರೀತಿಸುವ ತಮ್ಮನೊಬ್ಬ ತನಗಿದ್ದಾನಲ್ಲ ಎಂದುಕೊಂಡ.

"ಇರ್ಲಿ ಬಿಡು," ಎಂದ ಕೃಷ್ಣಚೈತನ್ಯ ಹೆಂಡತಿಗೆ, ತೋಳಿನಿಂದ ಮೂಗು ಒರೆಸಿಕೊಂಡು. "ಅಣ್ಣಾರಿಗೆ ಇನ್ನಷ್ಟು ಅನ್ನ ಹಾಕು."